ಮಣ್ಣಲ್ಲಿ ಕರಗುವ ಕುಂಡದಲ್ಲಿ ತರಕಾರಿ ಸಸಿ: ಮಳೆಗಾಲಕ್ಕೆ ಮೊದಲು ನಾವು ತಿಳಿದಿರಬೇಕಾದ ಸಂಗತಿಗಳು

ಮೇ ತಿಂಗಳ ಕೊನೆಗೆ ಒಂದೆರಡು ಮಳೆ ಬಿದ್ದರೆ ಸಾಕು, ನಮ್ಮ ಕರಾವಳಿಯ ಮನೆಗಳಲ್ಲಿ ಬೂದಿಯಲ್ಲಿ ಕಲಸಿ ಕಟ್ಟಿಟ್ಟ ಹೀರೆ, ಹಾಗಲ, ಪಡುವಲ, ಸೌತೆಯ ಬೀಜಗಳು ಹೊರಬರುತ್ತವೆ. ಅದಾಗಿ ತಿಂಗಳು ಕಳೆಯುವಷ್ಟರಲ್ಲಿ ವನಮಹೋತ್ಸವ ಬರುತ್ತದೆ. 1950ರಲ್ಲಿ ಅಂದಿನ ಕೇಂದ್ರ ಆಹಾರ ಮತ್ತು ಕೃಷಿ ಸಚಿವ ಕೆ. ಎಂ. ಮುನ್ಷಿಯವರು ಆರಂಭಿಸಿದ ಈ ಕಾರ್ಯಕ್ರಮ ಜುಲೈ ಮೊದಲ ವಾರದಲ್ಲಿ ನಮ್ಮ ಚರ್ಚ್ ವಠಾರಗಳಲ್ಲಿ, ಶಾಲೆಗಳಲ್ಲಿ ಇಂದಿಗೂ ನಡೆಯುತ್ತಿದೆ. ಸಸಿ ಹಂಚಿ, ನೆಟ್ಟು, ಎಲ್ಲರೂ ಮನೆಗೆ ಹೋದ ಮೇಲೆ ಅಲ್ಲಿ ಉಳಿಯುವುದು ಹರಿದ ಕಪ್ಪು ಪ್ಲಾಸ್ಟಿಕ್ ತೊಟ್ಟೆಗಳು. ಕೆಲವು ತೋಡು ಸೇರುತ್ತವೆ, ಕೆಲವು ಗೊಬ್ಬರದ ಗುಂಡಿಗೆ ಬೀಳುತ್ತವೆ, ಇನ್ನು ಕೆಲವು ಗಿಡದ ಬುಡದಲ್ಲೇ ಮಣ್ಣಿನೊಳಗೆ ಉಳಿದುಬಿಡುತ್ತವೆ.

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ನ ಹಲವು ವಸ್ತುಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ತಟ್ಟೆ, ಲೋಟ, ಚಮಚ, ಸ್ಟ್ರಾ ಮುಂತಾದವು ಆ ಪಟ್ಟಿಯಲ್ಲಿವೆ. ನರ್ಸರಿಯ ತೊಟ್ಟೆ ಅದರಲ್ಲಿ ಇಲ್ಲ. ಆದುದರಿಂದ ಇದನ್ನು ಕಡಿಮೆ ಮಾಡುವ ಕೆಲಸ ಕಾನೂನಿಗಿಂತ ಹೆಚ್ಚಾಗಿ ನಮ್ಮ ಕೈಯಲ್ಲೇ ಇದೆ. ಇದಕ್ಕಿರುವ ಒಂದು ದಾರಿಯೆಂದರೆ ಮಣ್ಣಲ್ಲಿ ಕರಗುವ ಕುಂಡದಲ್ಲಿ ಸಸಿ ಬೆಳೆಸಿ, ಕುಂಡ ಸಮೇತ ನೆಡುವುದು. ಕಾಗದ, ಎಲೆ, ತೆಂಗಿನ ನಾರು, ಸೆಗಣಿ ಇವುಗಳಿಂದ ಮಾಡಿದ ಇಂಥ ಕುಂಡಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ. ಮನೆಯಲ್ಲೇ ಮಾಡಿಕೊಳ್ಳಲೂ ಬರುತ್ತದೆ.

ಆದರೆ ಕುಂಡದ ಮೇಲೆ ‘ಮಣ್ಣಲ್ಲಿ ಕರಗುತ್ತದೆ’ ಎಂದು ಬರೆದ ಮಾತ್ರಕ್ಕೆ ಅದರಲ್ಲಿರುವ ಸಸಿ ಬದುಕುತ್ತದೆ ಎಂದಲ್ಲ. ಕುಂಡ ಕರಗುವುದಕ್ಕೆ ಮೊದಲೇ ಬೇರು ಅದನ್ನು ದಾಟಿ ಹೊರಗಿನ ಮಣ್ಣು ಸೇರಬೇಕು. ಹಾಗೆ ದಾಟದಿದ್ದರೆ, ಸುತ್ತ ಒಳ್ಳೆಯ ಮಣ್ಣಿದ್ದರೂ ಗಿಡ ಒಂದು ಲೋಟದಷ್ಟು ಜಾಗದಲ್ಲಿ ಸೆರೆಯಾಗಿ ಸೊರಗುತ್ತದೆ. ಜೂನ್‌ನಲ್ಲಿ ನೆಟ್ಟ ಬಳ್ಳಿ ಆಗಸ್ಟ್‌ನಲ್ಲಿ ಒಣಗಿದರೆ ಆ ವರ್ಷದ ಬೀಜವೂ ಹೋಯಿತು, ಹಂಗಾಮೂ ಹೋಯಿತು. ಆದುದರಿಂದ ಯಾವ ಗಿಡಕ್ಕೆ ಯಾವ ಕುಂಡ, ಅದರಲ್ಲಿ ಎಷ್ಟು ದಿನ, ನೆಡುವುದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಕುಂಡ ಸಮೇತ ನೆಡುವುದರಿಂದ ಏನು ಲಾಭ?

ಮೊದಲನೆಯದು, ಬೇರಿಗೆ ಪೆಟ್ಟಾಗುವುದಿಲ್ಲ. ತೊಟ್ಟೆ ಹರಿದು ಸಸಿ ತೆಗೆಯುವಾಗ ಮಣ್ಣಿನ ಮುದ್ದೆ ಒಡೆದು ನೂಲಿನಂಥ ಬೇರುಗಳು ತುಂಡಾಗುತ್ತವೆ. ಸಸಿಗೆ ನೀರು ಎಳೆದುಕೊಡುವುದು ಆ ಎಳೆ ಬೇರುಗಳೇ. ಅವು ಮತ್ತೆ ಚಿಗುರುವವರೆಗೆ ಸಸಿ ಬಾಡಿ ನಿಲ್ಲುತ್ತದೆ. ಕುಂಡ ಸಮೇತ ನೆಟ್ಟರೆ ಈ ತೊಂದರೆಯಿಲ್ಲ.

ಎರಡನೆಯದು, ಬೇರು ಸುರುಳಿ ಸುತ್ತುವುದು ಕಡಿಮೆ. ಪ್ಲಾಸ್ಟಿಕ್ ಗೋಡೆಗೆ ತಾಗಿದ ಬೇರು ಒಳಕ್ಕೆ ಹೋಗಲಾರದೆ ಗೋಡೆಯ ಗುಂಟ ಸುತ್ತುತ್ತದೆ. ನಾರಿನ ಅಥವಾ ಕಾಗದದ ಗೋಡೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಬೇರಿನ ತುದಿ ಅದರೊಳಗೆ ನುಗ್ಗಿ, ಹೊರಗಿನ ಗಾಳಿಗೆ ತಾಗಿದಾಗ ಒಣಗಿ ನಿಲ್ಲುತ್ತದೆ. ತುದಿ ನಿಂತೊಡನೆ ಹಿಂದಿನಿಂದ ಅಡ್ಡಬೇರುಗಳು ಒಡೆಯುತ್ತವೆ. ಹೀಗೆ ಕುಂಡದೊಳಗೆ ಬೇರಿನ ಜಾಲ ತುಂಬಿಕೊಳ್ಳುತ್ತದೆ. ತರಕಾರಿ ಗಿಡಕ್ಕಿಂತಲೂ ಮರದ ಸಸಿಗೆ ಇದು ಮುಖ್ಯ. ತೊಟ್ಟೆಯಲ್ಲಿ ಹೆಚ್ಚು ದಿನ ಉಳಿದು ಸುರುಳಿಯಾದ ತಾಯಿಬೇರು ನೆಟ್ಟ ಮೇಲೂ ಸುರುಳಿಯಾಗಿಯೇ ದಪ್ಪವಾಗುತ್ತದೆ. ಅಂಥ ಮರಕ್ಕೆ ಗಾಳಿಮಳೆ ತಡೆಯುವ ಹಿಡಿತ ಇರುವುದಿಲ್ಲ.

ಮೂರನೆಯದು ನಮ್ಮ ಹವೆಗೆ ಸಂಬಂಧಿಸಿದ್ದು. ಜೂನ್ ಮೊದಲ ವಾರದ ಹೊತ್ತಿಗೆ ಮುಂಗಾರು ಕರಾವಳಿ ತಲುಪುತ್ತದೆ. ಆ ಮೇಲೆ ನೇರ ಮಣ್ಣಿಗೆ ಹಾಕಿದ ಬೀಜ ಎಷ್ಟೋ ಸಲ ಕೊಳೆಯುತ್ತದೆ, ಇಲ್ಲವೆ ನೀರಿನೊಂದಿಗೆ ಕೊಚ್ಚಿಹೋಗುತ್ತದೆ. ಮೊಳೆತರೂ ಬಸವನಹುಳ ಬಿಡುವುದಿಲ್ಲ. ಜಗಲಿಯಲ್ಲೋ ಮಾಡಿನ ಕೆಳಗೋ ಎರಡು ವಾರ ಬೆಳೆದು ಗಟ್ಟಿಯಾದ ಸಸಿ ಈ ಅಪಾಯಗಳನ್ನು ಬಹುಮಟ್ಟಿಗೆ ದಾಟುತ್ತದೆ.

ಯಾವ ಗಿಡಕ್ಕೆ ಬೇಕು, ಯಾವುದಕ್ಕೆ ಬೇಡ?

ಎಲ್ಲ ತರಕಾರಿಗೂ ಕುಂಡ ಬೇಕಾಗಿಲ್ಲ. ಶ್ರಮ ಉಳಿಯಬೇಕಾದರೆ ಇದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಬಳ್ಳಿ ತರಕಾರಿಗಳಿಗೆ ಇದರಿಂದ ಹೆಚ್ಚಿನ ಪ್ರಯೋಜನ. ಸೌತೆ, ಮುಳ್ಳುಸೌತೆ, ಹೀರೆ, ಹಾಗಲ, ಪಡುವಲ, ಸೋರೆ, ಕುಂಬಳ ಇವೆಲ್ಲವೂ ಬೇರು ಅಲುಗಿದರೆ ಸಹಿಸದ ಜಾತಿಯವು. ಬೆಂಡೆ ಮತ್ತು ಅಲಸಂಡೆ ಕೂಡ ಹಾಗೆಯೇ. ಬೆಂಡೆಯ ತಾಯಿಬೇರು ನೇರ ಕೆಳಕ್ಕೆ ಬೇಗ ಇಳಿಯುತ್ತದೆ, ತುಂಡಾದರೆ ಗಿಡ ಕುಗ್ಗುತ್ತದೆ. ಪಪ್ಪಾಯಿಯೂ ಈ ಸಾಲಿಗೆ ಸೇರಿದ್ದು.

ಬದನೆ, ಮೆಣಸು, ಟೊಮೆಟೊ ಕಿತ್ತು ನೆಟ್ಟರೂ ಚಿಗುರುವ ಗಿಡಗಳು. ಇವುಗಳಿಗೆ ಹಿಂದಿನಿಂದಲೂ ಪಾತಿಯಲ್ಲಿ ಸಸಿ ಮಾಡಿ ನೆಡುವ ಪದ್ಧತಿ ಇದೆ. ನಾಲ್ಕೈದು ಗಿಡಗಳಿಗಾದರೆ ಕುಂಡ ಅನುಕೂಲ. ಗದ್ದೆ ತುಂಬ ನೆಡುವವರಿಗೆ ಪಾತಿಯೇ ಸಾಕು.

ಹರಿವೆ, ಮೂಲಂಗಿ, ಪಾಲಕ್ ಇವನ್ನು ನೇರ ಮಣ್ಣಿಗೆ ಬಿತ್ತುವುದೇ ಸರಿ. ಬಸಳೆಗೆ ದಂಟು ಊರಿದರೆ ಆಯಿತು.

ನಮ್ಮಲ್ಲಿ ಸಿಗುವ ಕುಂಡಗಳು

ಕುಂಡವನ್ನು ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸಸಿ ಇದರಲ್ಲಿ ಎಷ್ಟು ದಿನ ಇರಬೇಕು? ಹದಿನೈದು ದಿನದ ಸೌತೆ ಸಸಿಗೆ ತೆಳು ಗೋಡೆ ಬೇಕು. ಎರಡು ತಿಂಗಳ ಪಪ್ಪಾಯಿ ಸಸಿಗೆ ದಪ್ಪ ಗೋಡೆ ಬೇಕು. ಇದು ಅದಲುಬದಲಾದರೆ ಮೊದಲನೆಯದರಲ್ಲಿ ಬೇರು ಸೆರೆಯಾಗುತ್ತದೆ, ಎರಡನೆಯದರಲ್ಲಿ ನೆಡುವ ಮೊದಲೇ ಕುಂಡ ಕೈಯಲ್ಲಿ ಕಳಚಿ ಬೀಳುತ್ತದೆ.

1. ಪತ್ರಿಕೆಯ ಕಾಗದ: ಎಲ್ಲಕ್ಕಿಂತ ಸುಲಭವಾದದ್ದು. ದಿನಪತ್ರಿಕೆಯ ಒಂದು ಪುಟವನ್ನು ಉದ್ದಕ್ಕೆ ಎರಡು ಪಟ್ಟಿ ಮಾಡಿ. ಒಂದೊಂದೂ ಸುಮಾರು ಆರು ಇಂಚು ಅಗಲ ಇರುತ್ತದೆ. ಎರಡೂವರೆ ಇಂಚು ಅಗಲದ ಸ್ಟೀಲ್ ಲೋಟಕ್ಕೆ ಈ ಪಟ್ಟಿಯನ್ನು ಸುತ್ತಿ, ಲೋಟದ ತಳದಿಂದ ಎರಡು ಇಂಚು ಹೊರಗೆ ಬಿಡಿ. ಹೊರಗಿರುವ ಭಾಗವನ್ನು ಸುತ್ತಲಿಂದ ಒಳಕ್ಕೆ ಮಡಚಿ, ನೆಲಕ್ಕೆ ಒತ್ತಿ ಲೋಟ ಎಳೆದುಕೊಳ್ಳಿ. ಗೋಂದು, ಟೇಪು, ಪಿನ್ನು ಯಾವುದೂ ಬೇಡ. ಎರಡು ಮೂರು ಸುತ್ತಿಗಿಂತ ಹೆಚ್ಚು ಬೇಡ. ನೀರು ಬಿದ್ದರೂ ಇದು ಎರಡರಿಂದ ಮೂರು ವಾರ ನಿಲ್ಲುತ್ತದೆ, ಬಳ್ಳಿ ತರಕಾರಿಗೆ ಅಷ್ಟೇ ಸಾಕು. ಮಿರುಗುವ ಬಣ್ಣದ ಪುರವಣಿ, ಜಾಹೀರಾತು ಹಾಳೆಗಳನ್ನು ಬಳಸಬೇಡಿ. ಅವುಗಳ ಲೇಪನ ನೀರನ್ನು ತಡೆಯುತ್ತದೆ, ಬೇರನ್ನೂ ತಡೆಯುತ್ತದೆ.

2. ಹಲಸಿನ ಎಲೆಯ ಕೊಟ್ಟೆ: ಕಡುಬಿಗೆ ಕೊಟ್ಟೆ ಕಟ್ಟಲು ಬರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಾಲ್ಕು ಎಲೆಗಳನ್ನು ಶಿಲುಬೆಯಾಕಾರದಲ್ಲಿ ಜೋಡಿಸಿ, ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ, ಮೇಲಕ್ಕೆ ಮಡಚಿ ಮತ್ತೆ ಕಡ್ಡಿ ಚುಚ್ಚಿದರೆ ಕುಂಡ ಸಿದ್ಧ. ಎಲೆ ದಪ್ಪವಾದ್ದರಿಂದ ಮಣ್ಣಿನ ಭಾರ ತಡೆಯುತ್ತದೆ. ಎಲೆಗಳ ಸಂದಿಯಿಂದ ಹೆಚ್ಚಿನ ನೀರು ಬಸಿದುಹೋಗುತ್ತದೆ, ಬೇರೂ ಅದೇ ಸಂದಿಯಿಂದ ಹೊರಬರುತ್ತದೆ. ಮೂರು ವಾರದೊಳಗೆ ನೆಡುವ ಸಸಿಗೆ ಇದು ಉತ್ತಮ. ಬಲಿತ ಎಲೆಯನ್ನೇ ಆರಿಸಿ, ಎಳೆ ಎಲೆ ಬೇಗ ಕೊಳೆಯುತ್ತದೆ.

3. ಒಣಗಿದ ಬಾಳೆ ಪಟ್ಟೆ: ಬಾಳೆಯ ಕಾಂಡದ ಹೊರಪದರ ಒಣಗಿದ್ದನ್ನು ನೀರಿನಲ್ಲಿ ನೆನೆಸಿ, ಎರಡು ತುಂಡುಗಳನ್ನು ಅಡ್ಡಡ್ಡ ಇಟ್ಟು ಮೇಲಕ್ಕೆ ಮಡಚಿ ಬಾಳೆಯ ಹಗ್ಗದಿಂದಲೇ ಕಟ್ಟಬೇಕು. ಇದು ಸುಮಾರು ಒಂದು ತಿಂಗಳು ನಿಲ್ಲುತ್ತದೆ. ಬದನೆ, ಮೆಣಸಿನ ಸಸಿಗೆ ಹೊಂದುತ್ತದೆ. ಪ್ಲಾಸ್ಟಿಕ್ ದಾರದಿಂದ ಕಟ್ಟಿದರೆ ಮಾಡಿದ್ದೆಲ್ಲ ವ್ಯರ್ಥ.

4. ಅಡಿಕೆ ಹಾಳೆ: ಹಾಳೆಯ ಮೈ ನುಣುಪು ಮತ್ತು ದಪ್ಪ. ಬೇರು ಅದನ್ನು ಸುಲಭವಾಗಿ ಒಡೆಯಲಾರದು. ಊಟದ ಹಾಳೆ ಬಟ್ಟಲಿನಲ್ಲಿ ಸಸಿ ಮಾಡಿ ಹಾಗೆಯೇ ಹೂತರೆ ತಳದಲ್ಲಿ ನೀರು ನಿಂತು ಬೇರು ಕೊಳೆಯುವುದೇ ಹೆಚ್ಚು. ಇದರ ಸರಿಯಾದ ಉಪಯೋಗವೆಂದರೆ ತಳವಿಲ್ಲದ ಕೊಳವೆ. ಹಾಳೆಯನ್ನು ನೆನೆಸಿ, ಸುತ್ತಿ, ಕಡ್ಡಿ ಚುಚ್ಚಿ, ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ ಮಣ್ಣು ತುಂಬಬೇಕು. ನೆಡುವಾಗ ಪಕ್ಕದಲ್ಲಿ ಎರಡು ಕಡೆ ಉದ್ದಕ್ಕೆ ಸೀಳಬೇಕು. ಎರಡು ಮೂರು ತಿಂಗಳು ಇಡಬೇಕಾದ ಸಸಿಗಳಿಗೆ ಇದನ್ನು ಬಳಸಬಹುದಾಗಿದೆ.

5. ತೆಂಗಿನ ನಾರಿನ ಕುಂಡ: ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಇದು. ನಾರು ಮಣ್ಣಲ್ಲಿ ಕರಗಲು ಬಹಳ ಕಾಲ ಬೇಕು. ಆದರೆ ನಾರಿನ ಎಡೆಯಿಂದ ಬೇರು ನುಸುಳುವುದರಿಂದ ತೊಂದರೆಯಾಗದು. ಬೆಳಕಿಗೆ ಹಿಡಿದಾಗ ಸಣ್ಣ ಸಣ್ಣ ಕಿಂಡಿಗಳು ಕಾಣುವಂಥದನ್ನು ಆರಿಸಿ. ಕೆಲವು ಕುಂಡಗಳಲ್ಲಿ ನಾರನ್ನು ರಬ್ಬರ್ ಹಾಲಿನಿಂದ ಅಂಟಿಸಿ ಗಟ್ಟಿಯಾಗಿ ಒತ್ತಿರುತ್ತಾರೆ. ಅದು ಪಪ್ಪಾಯಿ, ನುಗ್ಗೆ, ಹಣ್ಣಿನ ಸಸಿಗೆ ಆದೀತು, ಸೌತೆಗೆ ಬೇಡ.

6. ಸೆಗಣಿಯ ಕುಂಡ: ಸೆಗಣಿಗೆ ಕತ್ತರಿಸಿದ ಒಣಹುಲ್ಲು ಸೇರಿಸಿ ಅಚ್ಚಿನಲ್ಲಿ ಒತ್ತಿ ಬಿಸಿಲಿಗೆ ಒಣಗಿಸಿದ್ದು. ಕರಗುವಾಗ ಗಿಡಕ್ಕೆ ಗೊಬ್ಬರವೂ ಆಗುತ್ತದೆ. ಆದರೆ ಮಾಡಿನ ಕೆಳಗೆ ಇಡಬೇಕು. ನಮ್ಮ ಒಂದು ಜೋರು ಮಳೆಗೆ ಇದು ಮುದ್ದೆಯಾಗುತ್ತದೆ. ಮಾಡಬೇಕಾದದ್ದು ಏಪ್ರಿಲ್‌ನಲ್ಲೇ, ಬಿಸಿಲಿರುವಾಗ.

7. ಮೊಟ್ಟೆಯ ಟ್ರೇ: ಕಾಗದದ ತಿರುಳಿನಿಂದ ಮಾಡಿದ ಟ್ರೇಯ ಗುಳಿಗಳು ತೀರಾ ಸಣ್ಣವು. ಹತ್ತು ಹನ್ನೆರಡು ದಿನದಲ್ಲಿ ಬೇರಿಗೆ ಜಾಗ ಸಾಲದಾಗುತ್ತದೆ. ಮಕ್ಕಳಿಗೆ ಬೀಜ ಮೊಳೆಯುವುದನ್ನು ತೋರಿಸಲು ಚೆನ್ನ.

ಗೆರಟೆಯ ವಿಷಯವಾಗಿ ಒಂದು ಮಾತು. ತೆಂಗಿನ ಗೆರಟೆ ನೈಸರ್ಗಿಕವೇ ಸರಿ, ಆದರೆ ಅದು ಮಣ್ಣಲ್ಲಿ ವರ್ಷಗಟ್ಟಲೆ ಕರಗದು. ಬೇರಿಗೂ ಅದನ್ನು ಒಡೆಯಲು ಆಗದು. ತಳಕ್ಕೆ ತೂತು ಮಾಡಿ ಸಸಿ ಬೆಳೆಸಿ, ನೆಡುವಾಗ ತಟ್ಟಿ ತೆಗೆದು, ಗೆರಟೆಯನ್ನು ಮತ್ತೆ ಮತ್ತೆ ಬಳಸಿಕೊಳ್ಳಿ. ಗೆರಟೆ ಸಮೇತ ನೆಡಬೇಡಿ.

ಕೊಳ್ಳುವಾಗ ಎಚ್ಚರಿಕೆ

ಚಹಾ ಕುಡಿಯುವ ಕಾಗದದ ಲೋಟವನ್ನು ಹಲವರು ಕರಗುವ ಕುಂಡವೆಂದು ಭಾವಿಸಿ ನೆಟ್ಟುಬಿಡುತ್ತಾರೆ. ಸಾಮಾನ್ಯವಾಗಿ ಇಂಥ ಲೋಟದ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತದೆ. ಇಲ್ಲದಿದ್ದರೆ ಚಹಾ ಸೋರುತ್ತಿತ್ತು. ಮಣ್ಣಲ್ಲಿ ಕಾಗದ ಕರಗಿ ಆ ಪೊರೆ ಹಾಗೆಯೇ ಉಳಿಯುತ್ತದೆ, ಬೇರು ಅದರೊಳಗೇ ಸುತ್ತುತ್ತದೆ.

‘ಕಾಂಪೋಸ್ಟೆಬಲ್’ ಎಂದು ಮುದ್ರಿಸಿದ ತೊಟ್ಟೆ, ಕುಂಡಗಳೂ ಬಂದಿವೆ. ಭಾರತದಲ್ಲಿ ಇವು ಐಎಸ್/ಐಎಸ್ಒ 17088 ಎಂಬ ಮಾನದಂಡಕ್ಕೆ ಒಳಪಡುತ್ತವೆ. ಆದರೆ ಈ ಮಾನದಂಡ ದೊಡ್ಡ ಗೊಬ್ಬರ ಘಟಕಗಳ ಬಿಸಿಯನ್ನು, ಅಂದರೆ ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಲೆಕ್ಕಕ್ಕೆ ಹಿಡಿದದ್ದು. ನಮ್ಮ ಹಿತ್ತಿಲ ಮಣ್ಣು ಅಷ್ಟು ಬಿಸಿಯಾಗುವುದಿಲ್ಲ. ಅಂಥ ಕುಂಡವನ್ನು ಬಳಸಿದರೆ ನೆಡುವಾಗ ತೆಗೆದುಹಾಕುವುದೇ ಒಳ್ಳೆಯದು.

‘ಪೀಟ್’ ಕುಂಡವೆಂದು ಮಾರುವುದು ಚಳಿ ದೇಶಗಳ ಜೌಗು ನೆಲದಿಂದ ಅಗೆದ ಪಾಚಿಯ ವಸ್ತು. ಅದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್‌ನಷ್ಟು ಮಾತ್ರ ಬೆಳೆಯುತ್ತದೆ. ತೆಂಗಿನ ನಾರು ಮನೆ ಬಾಗಿಲಲ್ಲೇ ಇರುವಾಗ ಅದನ್ನು ತರಿಸಿಕೊಳ್ಳುವ ಅಗತ್ಯವಿಲ್ಲ.

ಯಾವುದೇ ಕುಂಡವನ್ನು ಹೆಚ್ಚು ಸಂಖ್ಯೆಯಲ್ಲಿ ಕೊಳ್ಳುವ ಮೊದಲು ಸುಲಭವಾದ ಒಂದು ಪರೀಕ್ಷೆ ಮಾಡಬಹುದು. ಒಂದು ಖಾಲಿ ಕುಂಡಕ್ಕೆ ಮಣ್ಣು ತುಂಬಿ ಒದ್ದೆ ನೆಲದಲ್ಲಿ ಹೂತು, ನಾಲ್ಕು ವಾರದ ನಂತರ ಅಗೆದು ನೋಡಿ. ಬೆರಳಿಂದ ಒತ್ತಿದರೆ ಗೋಡೆ ಕುಸಿಯಬೇಕು, ಇಲ್ಲವೆ ಅಕ್ಕಪಕ್ಕದ ಕಳೆಯ ಬೇರುಗಳಾದರೂ ಅದರ ಮೂಲಕ ಹಾದುಹೋಗಿರಬೇಕು. ಎರಡೂ ಇಲ್ಲವೆಂದಾದರೆ ಆ ಕುಂಡ ತರಕಾರಿಗೆ ಆಗದು.

ಮಣ್ಣು ಮತ್ತು ಬಿತ್ತನೆ

ಜರಡಿ ಹಿಡಿದ ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಹುಡಿ ಒಂದು ಪಾಲು ಸೇರಿಸಿ. ಒಂದು ಬಕೆಟ್ ಮಿಶ್ರಣಕ್ಕೆ ಒಂದು ಹಿಡಿ ಬೇವಿನ ಹಿಂಡಿ ಹಾಕಿದರೆ ಗೆದ್ದಲು ಕಡಿಮೆ. ಕಾಗದ, ಹಾಳೆ, ಒಣ ಎಲೆ ಎಲ್ಲವೂ ಗೆದ್ದಲಿಗೆ ಪ್ರಿಯವಾದ್ದರಿಂದ ಇದನ್ನು ಮರೆಯಬಾರದು. ಸುಡುಮಣ್ಣು ಇದ್ದರೆ ಅದನ್ನೂ ಸ್ವಲ್ಪ ಸೇರಿಸಬಹುದು.

ಕರಾವಳಿಯವರು ಎರಡು ವಿಷಯ ಗಮನಿಸಬೇಕು. ಕಡಲ ಮರಳನ್ನು ಬೆರೆಸಬೇಡಿ, ಅದರಲ್ಲಿ ಉಪ್ಪಿದೆ. ನಾರಿನ ಹುಡಿಯಲ್ಲೂ ಉಪ್ಪಿರಬಹುದು. ವಿಶೇಷವಾಗಿ ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯಿಂದ ಬಂದ ಹುಡಿಯಾದರೆ ಮೂರು ಸಲ ಸಿಹಿನೀರಿನಲ್ಲಿ ತೊಳೆದು ಹಿಂಡಿ ಬಳಸಬೇಕು.

ಹಾಗಲ, ಪಡುವಲ, ಹೀರೆಯ ಬೀಜಗಳ ಸಿಪ್ಪೆ ಗಟ್ಟಿ. ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ. ಇಂಥ ದೊಡ್ಡ ಬೀಜವನ್ನು ಒಂದು ಇಂಚು ಆಳಕ್ಕೆ, ಬದನೆ ಮೆಣಸಿನ ಬೀಜವನ್ನು ಕಾಲು ಇಂಚು ಆಳಕ್ಕೆ ಹಾಕಿದರೆ ಸಾಕು. ಒಂದು ಕುಂಡಕ್ಕೆ ಎರಡು ಬೀಜ ಹಾಕಿ, ಮೊಳೆತ ಮೇಲೆ ಸಣಕಲಾದದ್ದನ್ನು ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ.

ಆರೈಕೆ

ಕರಗುವ ಕುಂಡ ನಾಲ್ಕೂ ಕಡೆಯಿಂದ ನೀರು ಕಳೆದುಕೊಳ್ಳುತ್ತದೆ. ಮೇ ತಿಂಗಳ ಸೆಕೆಯಲ್ಲಿ ಕಾಗದದ ಕುಂಡಗಳನ್ನು ಒಂದಕ್ಕೊಂದು ತಾಗಿಸಿ ಟ್ರೇಯಲ್ಲಿ ಇಡಿ. ಗೋಡೆಯ ಬಣ್ಣ ತಿಳಿಯಾದರೆ ಒಣಗಿದೆ ಎಂದರ್ಥ. ಟ್ರೇಗೆ ಅರ್ಧ ಇಂಚು ನೀರು ಹೊಯ್ದು, ಕುಂಡ ಹೀರಿದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ. ಬೆಳಗ್ಗೆ ನೀರು ಕೊಡುವುದು ಒಳ್ಳೆಯದು. ಸಂಜೆ ಒದ್ದೆಯಾಗಿ ಉಳಿದರೆ ಸಸಿಯ ಬುಡ ಕೊಳೆತು ಬೀಳುವ ರೋಗ ಬರುತ್ತದೆ.

ಗೋಡೆಯ ಹೊರಗೆ ಬಿಳಿ ಬೂಸ್ಟು ಕಂಡರೆ ಗಾಬರಿಯಾಗಬೇಡಿ. ಕಾಗದವನ್ನೋ ಎಲೆಯನ್ನೋ ತಿನ್ನುವ ಶಿಲೀಂಧ್ರ ಅದು, ಸಾಮಾನ್ಯವಾಗಿ ಸಸಿಗೆ ತೊಂದರೆ ಕೊಡುವುದಿಲ್ಲ. ಹಸಿರು ಪಾಚಿ ಕಟ್ಟಿದರೆ ಮಾತ್ರ ನೀರು ಹೆಚ್ಚಾಗಿದೆ ಎಂದು ತಿಳಿದು ಕಡಿಮೆ ಮಾಡಿ.

ಕುಂಡಗಳನ್ನು ನೇರ ಮಣ್ಣಿನ ಮೇಲೆ ಇಡಬೇಡಿ. ಬೇರು ತಳದಿಂದ ಇಳಿದು ನೆಲ ಹಿಡಿಯುತ್ತದೆ, ಎತ್ತುವಾಗ ತುಂಡಾಗುತ್ತದೆ. ನೆಡುವ ನಾಲ್ಕೈದು ದಿನ ಮೊದಲು ಸಸಿಗಳನ್ನು ಅರೆ ಬಿಸಿಲಿಗೆ ತಂದಿಟ್ಟು ಹೊರಗಿನ ಹವೆಗೆ ಒಗ್ಗಿಸಬೇಕು.

ನೆಡುವ ದಿನ

ಬಳ್ಳಿ ತರಕಾರಿಗಳಿಗೆ ಎರಡು ಮೂರು ನಿಜ ಎಲೆ ಬಂದಾಗ, ಅಂದರೆ ಬಿತ್ತಿದ ಹನ್ನೆರಡರಿಂದ ಹದಿನೆಂಟು ದಿನದಲ್ಲಿ ನೆಡಬೇಕು. ಮೊಳೆಯುವಾಗ ಬರುವ ಮೊದಲ ಜೋಡಿ ಎಲೆ ಈ ಲೆಕ್ಕಕ್ಕಿಲ್ಲ. ಬದನೆ, ಮೆಣಸಿಗೆ ನಾಲ್ಕೈದು ವಾರ ಬೇಕು. ಗೋಡೆಯ ಹೊರಗೆ ಬಿಳಿಯ ಬೇರಿನ ತುದಿ ಇಣುಕಿದರೆ ಅದೇ ಸರಿಯಾದ ಸಮಯ. ಕ್ರಮ ಹೀಗೆ:

1. ಕುಂಡವನ್ನು ಸಸಿ ಸಮೇತ ನೀರಿನ ಬೋಗುಣಿಯಲ್ಲಿ ಕೆಲವು ನಿಮಿಷ ಇಡಿ. ಗೋಡೆ ಪೂರ್ತಿ ನೆನೆಯಬೇಕು. ಒಣ ಗೋಡೆಯನ್ನು ನೆಟ್ಟರೆ ಅದು ಸಸಿಯ ನೀರನ್ನೇ ಹೀರುತ್ತದೆ.

2. ಮಳೆಗಾಲದಲ್ಲಿ ಗುಂಡಿ ತೋಡಿ ನೆಡಬೇಡಿ, ನೀರು ನಿಲ್ಲುತ್ತದೆ. ಮಣ್ಣು ಏರಿಸಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಮಳೆ ಮುಗಿದ ಮೇಲಿನ ಬೆಳೆಗಾದರೆ ಗುಂಡಿ ಸರಿ.

3. ದಪ್ಪ ಗೋಡೆಯ ಕುಂಡವಾದರೆ ತಳವನ್ನು ಹರಿದು, ಪಕ್ಕದಲ್ಲಿ ಎರಡು ಕಡೆ ಸೀಳಿ. ಕಾಗದದ ಕುಂಡದ ತಳವನ್ನೂ ಬೆರಳಿಂದ ಸಡಿಲಿಸುವುದು ಒಳ್ಳೆಯದು.

4. ಕುಂಡದ ಅಂಚು ಮಣ್ಣಿನಿಂದ ಮೇಲೆ ಕಾಣಬಾರದು. ಅರ್ಧ ಇಂಚಾದರೂ ಮಣ್ಣು ಮುಚ್ಚಿರಬೇಕು. ಹೆಚ್ಚಿದ್ದರೆ ಅಂಚನ್ನು ಹರಿದುಬಿಡಿ.

5. ಕುಂಡದ ಸುತ್ತ ಮಣ್ಣನ್ನು ಕೈಯಿಂದ ಒತ್ತಿ. ಗೋಡೆಗೂ ಮಣ್ಣಿಗೂ ನಡುವೆ ಪೊಳ್ಳು ಉಳಿದರೆ ಬೇರು ಅಲ್ಲಿ ಬಂದು ಒಣಗುತ್ತದೆ.

6. ಮಳೆ ಬರುತ್ತಿದ್ದರೂ ಒಂದು ಚೊಂಬು ನೀರು ಹೊಯ್ಯಿರಿ. ಮಣ್ಣು ಕುಳಿತು ಗೋಡೆಗೆ ಅಂಟಿಕೊಳ್ಳಲು ಅದು ಬೇಕು.

ಇದರಲ್ಲಿ ನಾಲ್ಕನೆಯದನ್ನು ಹೆಚ್ಚಿನವರು ಅಲಕ್ಷಿಸುತ್ತಾರೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ, ಹೊರಗೆ ಉಳಿದ ಅಂಚು ಮಣ್ಣೊಳಗಿನ ನೀರನ್ನು ಎಳೆದು ಗಾಳಿಗೆ ಬಿಡುತ್ತದೆ. ಮಳೆ ನಾಲ್ಕು ದಿನ ಬಿಡುವು ಕೊಟ್ಟರೆ ಸಾಕು, ಸುತ್ತಲಿನ ಮಣ್ಣು ಒದ್ದೆಯಿದ್ದರೂ ಕುಂಡದೊಳಗಿನ ಮಣ್ಣು ಒಣಗಿ ಗಿಡ ಬಾಡುತ್ತದೆ.

ನೆಟ್ಟ ಮೇಲೆ ಎಲೆ ಹಳದಿಯಾದರೆ

ನೆಟ್ಟ ಎಂಟು ಹತ್ತು ದಿನದಲ್ಲಿ ಕೆಳಗಿನ ಎಲೆಗಳು ಹಳದಿಯಾಗುವುದುಂಟು. ಕಾಗದ, ನಾರು, ಎಲೆ ಇವನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಅದನ್ನು ಅವು ಸುತ್ತಲಿನ ಮಣ್ಣಿನಿಂದಲೇ ತೆಗೆದುಕೊಳ್ಳುವುದರಿಂದ ಗಿಡಕ್ಕೆ ಕೆಲವು ದಿನ ಕೊರತೆಯಾಗುತ್ತದೆ. ಒಂದು ಪಾಲು ಗೋಮೂತ್ರಕ್ಕೆ ಹತ್ತು ಪಾಲು ನೀರು ಸೇರಿಸಿ ಬುಡದ ಸುತ್ತ ಹೊಯ್ದರೆ, ಇಲ್ಲವೆ ತೆಳುವಾದ ಸೆಗಣಿ ನೀರು ಕೊಟ್ಟರೆ ಸುಧಾರಿಸುತ್ತದೆ. ಸೆಗಣಿಯ ಕುಂಡದಲ್ಲಿ ಈ ತೊಂದರೆ ಕಡಿಮೆ.

ಮೂರು ವಾರ ಕಳೆದರೂ ಸಸಿ ನೆಟ್ಟಲ್ಲೇ ನಿಂತಿದ್ದರೆ ಒಂದು ಬದಿಯ ಮಣ್ಣನ್ನು ಮೆಲ್ಲನೆ ಸರಿಸಿ ನೋಡಿ. ಬೇರು ಗೋಡೆಯನ್ನು ದಾಟಿರದಿದ್ದರೆ ಆ ಬದಿಯ ಗೋಡೆಯನ್ನು ಚಾಕುವಿನಿಂದ ಸೀಳಿ ಮಣ್ಣು ಮುಚ್ಚಿ. ಇನ್ನೂ ಎಳೆಯ ಗಿಡವಾದರೆ ಚೇತರಿಸಿಕೊಳ್ಳುತ್ತದೆ.

ತಿಂಗಳ ಲೆಕ್ಕ

ನಮ್ಮ ಹಿರಿಯರು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಸುಮಾರಿಗೆ, ಮಳೆಗಾಲದ ತರಕಾರಿಯ ಕೆಲಸ ಆರಂಭಿಸುತ್ತಿದ್ದರು. ಕುಂಡದ ಸಸಿಗೂ ಆ ಲೆಕ್ಕ ಹೊಂದುತ್ತದೆ. ಮೇ ಮೂರನೇ ವಾರದಲ್ಲಿ ಕುಂಡ ಮತ್ತು ಮಣ್ಣಿನ ತಯಾರಿ, ಮೇ 20ರಿಂದ 25ರೊಳಗೆ ಬಿತ್ತನೆ, ಜೂನ್ ಎರಡನೇ ವಾರದಲ್ಲಿ ಮಳೆಯ ಬಿಡುವು ನೋಡಿ ನಾಟಿ. ಬೆಂಡೆ, ಮುಳ್ಳುಸೌತೆ ಬಿತ್ತಿದ ಒಂದೂವರೆ ತಿಂಗಳಿಂದ, ಹೀರೆ, ಹಾಗಲ, ಅಲಸಂಡೆ ಸುಮಾರು ಎರಡು ತಿಂಗಳಿಂದ ಕೊಯ್ಲಿಗೆ ಬರುತ್ತವೆ. ಆರೈಕೆ ಸರಿಯಾಗಿದ್ದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟಕ್ಕೆ ಐದೋ ಏಳೋ ಬಗೆಯ ತರಕಾರಿ ಲೆಕ್ಕಹಾಕುವಾಗ ಅವುಗಳಲ್ಲಿ ಮೂರು ನಾಲ್ಕಾದರೂ ನಮ್ಮ ಹಿತ್ತಿಲಿನವೇ ಆಗಿರಬಹುದು.

ಎರಡನೇ ಸುತ್ತು ಸೆಪ್ಟೆಂಬರ್‌ನಲ್ಲಿ. ಬದನೆ, ಮೆಣಸು, ಟೊಮೆಟೊ ಬೀಜ ಹಾಕಿ, ಮಳೆ ಕಡಿಮೆಯಾದ ಮೇಲೆ ಅಕ್ಟೋಬರ್‌ನಲ್ಲಿ ನೆಡಬಹುದು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಉಡುಪಿಯ ಮಟ್ಟುಗುಳ್ಳದ ಸಸಿ ನಾಟಿಯೂ ಮಳೆಗಾಲದ ಕೊನೆಗೇ ನಡೆಯುವಂಥದ್ದು.

ನಮ್ಮ ಸಂಘಗಳು, ವಾಳೆಗಳು ಮಾಡಬಹುದಾದದ್ದು

ಒಂದು ವಾಳೆಯಲ್ಲಿ ಇಪ್ಪತ್ತು ಮನೆಗಳಿದ್ದು, ಮನೆಗೆ ಹತ್ತರಂತೆ ಸಸಿ ಬೇಕೆಂದರೆ ಇನ್ನೂರು ಕುಂಡಗಳಾದವು. ಇದು ಒಂದು ಭಾನುವಾರದ ಮಧ್ಯಾಹ್ನದ ಕೆಲಸ. ಕೊಟ್ಟೆ ಕಟ್ಟಲು ತಿಳಿದ ಹಿರಿಯ ಬಾಯಿಗಳು ಮಕ್ಕಳಿಗೆ ಕಲಿಸಲಿ. ಯುವಕರು ಮಣ್ಣು ಜರಡಿ ಹಿಡಿಯಲಿ. ಬೀಜವನ್ನು ಹೊರಗಿನಿಂದ ತರಿಸುವ ಮೊದಲು ವಾಳೆಯ ಮನೆಗಳಲ್ಲಿ ಏನಿದೆ ಎಂದು ಗುರ್ಕಾರರು ವಿಚಾರಿಸಿದರೆ ಊರಿನ ಹಳೆಯ ತಳಿಗಳೂ ಕೈಯಿಂದ ಕೈಗೆ ಹೋಗುತ್ತವೆ.

ವನಮಹೋತ್ಸವಕ್ಕೆ ಮರದ ಸಸಿಗಳನ್ನು ತರುವಾಗ ಹೆಚ್ಚಿನವು ಈಗಲೂ ಪ್ಲಾಸ್ಟಿಕ್ ತೊಟ್ಟೆಯಲ್ಲೇ ಬರುತ್ತವೆ. ಅವುಗಳನ್ನು ಒಂದೇ ವರ್ಷದಲ್ಲಿ ಬದಲಾಯಿಸಲು ಆಗದು. ಆದರೆ ಸಸಿ ಕೊಡುವಲ್ಲೇ ಒಂದು ಗೋಣಿಚೀಲ ಇಟ್ಟು, ಖಾಲಿ ತೊಟ್ಟೆಯನ್ನು ಮುಂದಿನ ಭಾನುವಾರ ಮರಳಿ ತರುವಂತೆ ಕೇಳಿಕೊಳ್ಳಬಹುದು. ಹರಿಯದೆ ಬಿಚ್ಚಿದ ತೊಟ್ಟೆಗಳನ್ನು ತೊಳೆದು ನರ್ಸರಿಗೆ ಕೊಡಬಹುದು. ನೆಡುವಾಗ ಸುರುಳಿಯಾದ ಬೇರನ್ನು ಕತ್ತರಿಸಿ ನೇರ ಮಾಡಿ ನೆಡುವಂತೆ ಸ್ಥಳದಲ್ಲೇ ಒಬ್ಬರು ತೋರಿಸಿಕೊಟ್ಟರೆ ಇನ್ನೂ ಒಳ್ಳೆಯದು.

ಇನ್ನೊಂದು ಸಲಹೆ. ಎಷ್ಟು ಸಸಿ ಹಂಚಿದೆವು ಎಂದು ವರದಿಯಲ್ಲಿ ಬರೆಯುವುದು ವಾಡಿಕೆ. ಅದರ ಜೊತೆಗೆ ಆಗಸ್ಟ್ ಕೊನೆಗೆ ಎಷ್ಟು ಸಸಿ ಬದುಕಿವೆ, ಯಾವ ಕುಂಡದ್ದು ಬದುಕಿತು, ಯಾವುದು ಹೋಯಿತು ಎಂಬುದನ್ನೂ ಒಂದು ಪುಸ್ತಕದಲ್ಲಿ ಬರೆದಿಡೋಣ. ಕಡಲ ಬದಿಯ ಹೊಯಿಗೆ ನೆಲದಲ್ಲಿ ಆದದ್ದು ಮುರಕಲ್ಲಿನ ಗುಡ್ಡದಲ್ಲಿ ಆಗದಿರಬಹುದು. ಎರಡು ಮೂರು ವರ್ಷದ ಇಂಥ ಲೆಕ್ಕವಿದ್ದರೆ ನಮ್ಮ ನಮ್ಮ ಊರಿಗೆ ಯಾವ ಕುಂಡ ಹೊಂದುತ್ತದೆ ಎಂಬುದು ನಮಗೇ ಗೊತ್ತಾಗುತ್ತದೆ. ತಾಂತ್ರಿಕ ಮಾಹಿತಿ ಬೇಕಾದವರು ತಾಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನೋ ಸಂಪರ್ಕಿಸಬಹುದಾಗಿದೆ.

ಈ ವರ್ಷ ಎಲ್ಲವನ್ನೂ ಒಮ್ಮೆಲೇ ಮಾಡಬೇಕಾಗಿಲ್ಲ. ಹಳೆಯ ಪತ್ರಿಕೆ, ಒಂದು ಲೋಟ, ಒಂದು ಹಿಡಿ ಹೀರೆ ಬೀಜ ಇವಿಷ್ಟರಿಂದ ಆರಂಭಿಸೋಣ. ಹತ್ತು ಕುಂಡ ಕಾಗದದ್ದು, ಹತ್ತು ಹಲಸಿನ ಎಲೆಯದು ಮಾಡಿ ಅಕ್ಕಪಕ್ಕ ನೆಟ್ಟು, ಮೂರು ವಾರದ ನಂತರ ಬೇರು ಎಲ್ಲಿಗೆ ಹೋಗಿದೆ ಎಂದು ನೋಡಿದರೆ ಮುಂದಿನ ಮಳೆಗಾಲಕ್ಕೆ ಏನು ಮಾಡಬೇಕೆಂಬುದು ತಿಳಿಯುತ್ತದೆ.